ವಿಯೆಟ್ನಾಂ ಹೋರಾಟ ಶುರುವಾದದ್ದು ಭತ್ತದ ಗದ್ದೆಯಲ್ಲಿ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವಿಯೆಟ್ನಾಂ ಕುರಿತ ಲೇಖನ ಓದಿದೆ. ಫ್ರೆಂಚರ ವಿರುದ್ಧ ಅಲ್ಲಿನ ಜನ ಆಯುಧ ಹಿಡಿದದ್ದು ಹೋ ಚಿ ಮಿನ್ ಕಾಲದಲ್ಲಿ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಎಂದು ಅದರಲ್ಲಿದೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವಾಗ ನಾನೂ ಮಕ್ಕಳಿಗೆ ಹೀಗೇ ಹೇಳಿದ್ದೇನೆ. ತಪ್ಪು ಎಂದು ಗೊತ್ತಾದ ಮೇಲೆ ಸುಮ್ನೆ ಇರಲು ಮನಸ್ಸಾಗುತ್ತಿಲ್ಲ.

ಮಗಳು ಹೋ ಚಿ ಮಿನ್ ನಗರದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋಗಿ ಮೂರು ತಿಂಗಳು ಇದ್ದೆ. ಬೆನ್ ಥಾನ್ ಮಾರುಕಟ್ಟೆಯ ಹತ್ತಿರ ನುಯೆನ್ ತ್ರುಂಗ್ ತ್ರುಕ್ ಹೆಸರಿನ ರಸ್ತೆ ಇದೆ. ಇವರು ಯಾರಮ್ಮ ಎಂದು ಮನೆ ಮಾಲಕಿಯನ್ನು ಕೇಳಿದೆ. 'ಮೀನುಗಾರ, ಫ್ರೆಂಚರ ಹಡಗು ಸುಟ್ಟವರು' ಎಂದರು. ಅಲ್ಲಿಂದ ನನ್ನ ಓದು ಶುರುವಾಯಿತು.

ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳು ದಾ ನಾಂಗ್ ಮೇಲೆ ದಾಳಿ ಮಾಡಿದ್ದು 1858ರಲ್ಲಿ. ಮರುವರ್ಷ ಸೈಗಾನ್ (ಈಗಿನ ಹೋ ಚಿ ಮಿನ್ ನಗರ) ಕೋಟೆ ಬಿತ್ತು. 1861ರ ಫೆಬ್ರುವರಿಯಲ್ಲಿ ಕಿ ಹೋವಾದಲ್ಲಿ ರಾಜನ ಸೈನ್ಯವೂ ಸೋತಿತು. ಆಮೇಲೂ ಬಿಡದೆ ಹೋರಾಡಿದವರು ಮೆಕಾಂಗ್ ನದಿ ಬಯಲಿನ ರೈತರು. ಅದೇ ವರ್ಷ ಡಿಸೆಂಬರ್ 10ರಂದು ಈ ಮೀನುಗಾರ ಮತ್ತು ಸಂಗಡಿಗರು ನ್ಯಾಟ್ ತಾವ್ ನದಿಯಲ್ಲಿ ನಿಂತಿದ್ದ 'ಎಸ್ಪೆರಾನ್ಸ್' ಎಂಬ ಯುದ್ಧನೌಕೆಗೆ ಬೆಂಕಿ ಇಟ್ಟರು.

ಗೋ ಕಾಂಗ್‌ನ ತ್ರುವೊಂಗ್ ದಿನ್ ಕತೆ ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಬೀಳುಬಿದ್ದ ನೆಲವನ್ನು ರೈತರಿಂದ ಹಸನು ಮಾಡಿಸಿ ಊರು ಕಟ್ಟಿದವರು ಅವರು. ಆ ರೈತರೇ ಅವರ ಸೈನಿಕರು. 1862ರ ಜೂನ್ 5ರ ಒಪ್ಪಂದದಲ್ಲಿ ರಾಜ ತು ಡುಕ್ ದಕ್ಷಿಣದ ಮೂರು ಪ್ರಾಂತ್ಯಗಳನ್ನು ಫ್ರೆಂಚರಿಗೆ ಬರೆದುಕೊಟ್ಟ. ಮೇಲೆ 40 ಲಕ್ಷ ಡಾಲರ್ ದಂಡ ಬೇರೆ. ಹೋರಾಟ ನಿಲ್ಲಿಸಿ ಬೇರೆ ಕಡೆಗೆ ಹೋಗು ಎಂದು ತ್ರುವೊಂಗ್ ದಿನ್‌ಗೆ ಅಪ್ಪಣೆ ಬಂತು. ರೈತರು ಅವರನ್ನು ಬಿಟ್ಟುಕೊಡಲಿಲ್ಲ, ಅವರೂ ಹೋಗಲಿಲ್ಲ. ರಾಜನ ಮಾತು ಮೀರುವುದು ಆ ಕಾಲದಲ್ಲಿ ಸಣ್ಣ ವಿಷಯ ಅಲ್ಲ, ಅಲ್ವಾ? ಅರಸನೇ ಕೈಬಿಟ್ಟ ನೆಲವನ್ನು ಉಳುವವರು ಕೈಬಿಡಲಿಲ್ಲ. 1864ರ ಆಗಸ್ಟ್‌ನಲ್ಲಿ, ಹಿಂದೆ ಜೊತೆಗಿದ್ದವನೊಬ್ಬನ ದ್ರೋಹದಿಂದ ಅವರು ಹೊಂಚುದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು.

ಈ ರೈತರ ಹತ್ತಿರ ಇದ್ದದ್ದು ಬಿದಿರು ಕೋಲು, ಮನೆಯ ಕತ್ತಿ, ಹುಲ್ಲಿನ ಬತ್ತಿಯ ಬೆಂಕಿ. ಕಾನ್ ಜುವೊಕ್‌ನಲ್ಲಿ ಫ್ರೆಂಚರೊಂದಿಗೆ ಹೋರಾಡಿ ಸತ್ತ ರೈತರಿಗಾಗಿ ಕಣ್ಣು ಕಾಣದ ಕವಿ ನುಯೆನ್ ದಿನ್ ಚಿಯೆವು ಶೋಕಗೀತೆ ಬರೆದರು. ಪಂಡಿತರ ಚೀನೀ ಭಾಷೆಯಲ್ಲಲ್ಲ, ಜನರಾಡುವ ನುಡಿಯಲ್ಲಿ. ಹೆಸರೂ ಉಳಿಯದ ಕೂಲಿಕಾರರಿಗೆ ವೀರರ ಮರ್ಯಾದೆ ಕೊಟ್ಟ ಆ ಕವಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ನುಯೆನ್ ತ್ರುಂಗ್ ತ್ರುಕ್ 1868ರಲ್ಲಿ ರಾಕ್ ಝಾ ಕೋಟೆಯನ್ನೂ ಗೆದ್ದು, ಕೆಲವು ದಿನ ಹಿಡಿದಿಟ್ಟುಕೊಂಡರು. ಅದೇ ಅಕ್ಟೋಬರ್‌ನಲ್ಲಿ ಫ್ರೆಂಚರು ಅವರ ತಲೆ ಕಡಿದರು. ಈ ನೆಲದ ಹುಲ್ಲನ್ನೆಲ್ಲ ಕಿತ್ತು ಮುಗಿಸಿದರೆ ಮಾತ್ರ ನಿಮ್ಮೊಂದಿಗೆ ಹೋರಾಡುವವರು ಇಲ್ಲವಾಗುತ್ತಾರೆ ಎಂದು ಅವರು ಹೇಳಿದ್ದರಂತೆ. ಮನೆ ಮಾಲಕಿ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು.

1885ರಲ್ಲಿ 13–14ರ ಹುಡುಗ, ರಾಜ ಹಾಮ್ ನ್ಘಿ, ರಾಜಧಾನಿ ಹುಯೆಯ ಅರಮನೆ ಬಿಟ್ಟು ಕಾಡಿಗೆ ಹೋದ. ಫ್ರೆಂಚರ ವಿರುದ್ಧ ಅವನ ಹೆಸರಿನಲ್ಲಿ ಹೊರಟ ಕರೆಗೆ ಓಗೊಟ್ಟು ಊರೂರಲ್ಲಿ ಜನ ಎದ್ದರು. ನಿಮ್ಮ ಲೇಖನದ ಕಾಲ ಬರುವುದು ಇದೆಲ್ಲ ಆದ ಮೇಲೆ. ಹೋ ಚಿ ಮಿನ್ ಅವರ ಸೇನಾಪತಿ ವೊ ನುಯೆನ್ ಜಾಪ್ 34 ಜನರ ತುಕಡಿ ಕಟ್ಟಿದ್ದು 1944ರ ಡಿಸೆಂಬರ್ 22ರಂದು. ಹಡಗು ಸುಟ್ಟು ಆಗಲೇ 83 ವರ್ಷ ಕಳೆದಿತ್ತು. ಜಾಪ್ ಕೂಡ ಇತಿಹಾಸದ ಮೇಷ್ಟ್ರು. ಹಿಂದಿನವರ ಕತೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೋ ಚಿ ಮಿನ್ ಮೇಲೆ ನನಗೆ ತುಂಬಾ ಗೌರವವಿದೆ. ಆದರೆ ಅವರು ಹುಟ್ಟುವ ಮೊದಲೇ ಹೋರಾಡಿ ಸತ್ತವರನ್ನು ಬಿಟ್ಟು ಬರೆಯಬೇಡಿ. ಮುಂದಿನ ಪುರವಣಿಯಲ್ಲಿ ಗೋ ಕಾಂಗ್‌ನ ಆ ರೈತರಿಗೂ ಒಂದಿಷ್ಟು ಜಾಗ ಕೊಡಿ.

– ನಿವೃತ್ತ ಶಿಕ್ಷಕಿ, ಮಂಡ್ಯ