ಲಿನಕ್ಸ್‌ನಲ್ಲಿ ನುಡಿಯ ಕೀಲಿಮಣೆ

ಮಾನ್ಯರೇ,

‘ಲಿನಕ್ಸ್ ಬಗೆಯ ಉಬುಂಟುವಿನಲ್ಲಿ ನುಡಿ ತಂತ್ರಾಂಶದಂತೆ ಕನ್ನಡ ಟೈಪ್ ಮಾಡಲಾಗದು’ ಎಂಬ ದೂರು ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ. ಉಬುಂಟುವಿನ ಕೀಲಿಮಣೆಗಳ ಪಟ್ಟಿಯಲ್ಲಿ ಸಿಗುವ ‘ಕಗಪ’ ವಿನ್ಯಾಸ ಲಿನಕ್ಸ್‌ನ ಮೂಲ ಕೀಲಿಮಣೆ ವ್ಯವಸ್ಥೆಯಾದ ಎಕ್ಸ್‌ಕೆಬಿಯದು. ಅದು ಹಿಂದಿನ ಅಕ್ಷರವನ್ನು ನೋಡುವುದಿಲ್ಲ. ಹಾಗಾಗಿ ‘ಇ’ಗೆ ಒಂದು ಕೀಲಿ, ‘ಕಿ’ಯ ಗುಡಿಸಿಗೆ ಇನ್ನೊಂದು; ನುಡಿಯಲ್ಲಾದರೆ ಎರಡಕ್ಕೂ ಒಂದೇ.

ಇದಕ್ಕೆ ಪರಿಹಾರ, ಹಿಂದಿನ ಅಕ್ಷರವನ್ನು ನೋಡಿ ಟೈಪಿಸುವ ಐಬಸ್-ಎಂ17ಎನ್. ಆ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ (ಇದನ್ನು ಮರೆತೇ ಬಹಳ ಮಂದಿ ಕೈಬಿಡುತ್ತಾರೆ). ನಂತರ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್‌ಗೆ ಹೋಗಿ ಕನ್ನಡದ ‘ಕೆಜಿಪಿ’ (ಕಗಪದ ಎಂ17ಎನ್ ರೂಪ) ಸೇರಿಸಿ. ಸೂಪರ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಇಷ್ಟಾದರೂ ‘ರ‍್ಯಾಂಕ್’ ಬರೆಯಹೋದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗಬಹುದು. ‘ರ’ ಮತ್ತು ವಿರಾಮದ (ಅರ್ಧಾಕ್ಷರದ ‘್’ ಗುರುತಿನ) ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರ, ಯೂನಿಕೋಡ್ 200ಡಿ, ಬೀಳಬೇಕು. ಇಂಥದ್ದನ್ನು ಸರಿಪಡಿಸಲು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯೇನೂ ಬೇಕಿಲ್ಲ: ಎಂ17ಎನ್ ವಿನ್ಯಾಸವೆಂದರೆ ಬರೀ ಪಠ್ಯಕಡತ. ಹೋಮ್ ಫೋಲ್ಡರಿನ ‘.ಎಂ17ಎನ್.ಡಿ’ಯಲ್ಲಿ ಅದರ ಪ್ರತಿಯಿಟ್ಟು ತಿದ್ದಿ ಪರೀಕ್ಷಿಸಬಹುದು. ನಮ್ಮೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್.

ತಂತ್ರಾಂಶ ರೂಪಿಸುವವರಿಗೆ ಕಳಿಸುವ ದೋಷ ವರದಿಯಲ್ಲಿ ‘ಕನ್ನಡ ಬರ್ತಿಲ್ಲ’ ಎಂದಷ್ಟೇ ಬರೆದರೆ ಯಾರೂ ಕೈಹಾಕುವುದಿಲ್ಲ. ಒತ್ತಿದ ಕೀಲಿಗಳ ಕ್ರಮ, ಬರಬೇಕಿದ್ದದ್ದು, ಬಂದದ್ದು, ಪರದೆಯನ್ನು ನಡೆಸುವ ವ್ಯವಸ್ಥೆ ವೇಲ್ಯಾಂಡೋ ಎಕ್ಸ್11ಓ ಎಂಬುದನ್ನೆಲ್ಲ ತಿಳಿಸಬೇಕು.

– ಓದುಗ, ವಿದ್ಯಾನಗರ, ದಾವಣಗೆರೆ