ತಿಂಗಳಿಗೊಂದು ಶನಿವಾರ, ಪರಿಚಯವಿಲ್ಲದ ಕಲೆಯ ಜೊತೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ತಿಂಗಳಿಂದ ನಮ್ಮ ಶಾಲೆಯಲ್ಲಿ ಒಂದು ಹೊಸ ಕೆಲಸ ಶುರು ಮಾಡುತ್ತಿದ್ದೇವೆ. ಪ್ರತಿ ತಿಂಗಳ ಕೊನೆಯ ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ, ಆರರಿಂದ ಒಂಬತ್ತನೇ ತರಗತಿಯ ಮಕ್ಕಳು ತಮಗೆ ಪರಿಚಯವೇ ಇಲ್ಲದ ಒಂದು ಕಲೆಯ ಜೊತೆ ಒಂದೂವರೆ ಗಂಟೆ ಕಳೆಯುತ್ತಾರೆ. ಒಮ್ಮೆ ಕೇಳುವುದು, ಒಮ್ಮೆ ನೋಡುವುದು, ಇನ್ನೊಮ್ಮೆ ಕೈಯಾರೆ ಮಾಡುವುದು. ಇದಕ್ಕೆ ಅಂಕ ಇಲ್ಲ, ಸ್ಪರ್ಧೆ ಇಲ್ಲ, ಬಹುಮಾನವೂ ಇಲ್ಲ. ಶುಲ್ಕವಂತೂ ಇಲ್ಲವೇ ಇಲ್ಲ.

"ನಮ್ಮ ಮಕ್ಕಳಿಗೆ ಕಲೆ ಗೊತ್ತಿಲ್ವಾ?" ಎಂದು ನೀವು ಕೇಳಬಹುದು. ಖಂಡಿತ ಗೊತ್ತಿದೆ. ಇವರು ಕರಾವಳಿಯ ಮಕ್ಕಳು. ಹರಕೆಯ ಯಕ್ಷಗಾನ ಆಟಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವವರು ಎಲ್ಲ ತರಗತಿಯಲ್ಲೂ ಇದ್ದಾರೆ. ತೆಂಕುತಿಟ್ಟು, ಬಡಗುತಿಟ್ಟು ಎಂಬ ಅದರ ಎರಡು ಶೈಲಿಗಳ ವ್ಯತ್ಯಾಸವನ್ನು ಬೇರೆ ಊರಿಂದ ಬಂದ ಶಿಕ್ಷಕರಿಗೆ ಇವರೇ ಹೇಳಿಕೊಡುತ್ತಾರೆ. ಯಕ್ಷಗಾನ ಇವರ ಮನೆಯಂಗಳ, ಅದರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಇದೇ ಮಕ್ಕಳಿಗೆ ಐದು ನಿಮಿಷ ಹಿಂದೂಸ್ತಾನಿ ಗಾಯನ ಕೇಳಿಸಿದರೆ "ಬೋರು ಟೀಚರ್" ಅನ್ನುತ್ತಾರೆ. ಎಲ್ಲಿ ಗಮನ ಇಡಬೇಕು ಎಂದು ಅವರಿಗೆ ಯಾರೂ ತೋರಿಸಿಲ್ಲ. ಹಾಗಿರುವಾಗ ಏನೇ ಕೇಳಿದರೂ ಬೋರೇ ಆಗುತ್ತದೆ.

ಅದಕ್ಕೇ ಮೊದಲ ತಿಂಗಳು ಹಿಂದೂಸ್ತಾನಿ ಗಾಯನದ ಒಂದು ಪ್ರಕಾರವಾದ ಖಯಾಲ್ ಕೇಳುತ್ತೇವೆ. ವಿಲಂಬಿತ, ಅಂದರೆ ನಿಧಾನ ಲಯದಲ್ಲಿ ತಬಲಾದ ತಾಳದ ಒಂದು ಸುತ್ತು ಮುಗಿಯಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದುಂಟು. ಯಕ್ಷಗಾನದ ಅಬ್ಬರದ ಏರುಪದ್ಯಕ್ಕೆ ಒಗ್ಗಿದ ಕಿವಿಗೆ ಅದು ಏನೂ ನಡೆಯದ ಹಾಗೆ ಕೇಳಿಸುತ್ತದೆ. ಆದರೆ ಗಾಯಕರು ಎಲ್ಲೆಲ್ಲೋ ಸುತ್ತಾಡಿ, ಸರಿಯಾಗಿ ಆ ಸುತ್ತಿನ ಮೊದಲ ಪೆಟ್ಟಿಗೆ ಬಂದು ಸೇರುತ್ತಾರೆ. ಆ ಜಾಗಕ್ಕೆ ಸಮ್ ಎನ್ನುತ್ತಾರೆ. ಸಮ್ ಬಂದಾಗಲೆಲ್ಲ ನಮ್ಮ ಸಂಗೀತ ಶಿಕ್ಷಕರು ಕೈ ಎತ್ತುತ್ತಾರೆ. ನಾಲ್ಕೈದು ಸುತ್ತು ಆದ ಮೇಲೆ ಶಿಕ್ಷಕರು ಸುಮ್ಮನಿರುತ್ತಾರೆ, ಮಕ್ಕಳೇ ಕೈ ಎತ್ತಬೇಕು. ತಪ್ಪಾದರೆ ಯಾರೂ ನಗುವ ಹಾಗಿಲ್ಲ. ತಾಳ ನಮ್ಮ ಮಕ್ಕಳ ರಕ್ತದಲ್ಲೇ ಇದೆ, ಹಿಡಿದೇ ಹಿಡಿಯುತ್ತಾರೆ ಎಂಬ ನಂಬಿಕೆ ನನಗಿದೆ.

ಅಂದು ಕೇಳಿಸುವುದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಣ. ಹೆಣ್ಣಿನ ದನಿ ಹೀಗೂ ಇರುತ್ತದಾ ಎಂದು ಮಕ್ಕಳು ಬೆರಗಾಗುವಂಥ ಗಡಸು, ಗಂಭೀರ ಕಂಠ. ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿಯಲ್ಲಿ ಆಸಕ್ತಿ ಇದೆ ಎಂದು ಗೊತ್ತಾದಾಗ ಆ ತಾಯಿ ಏನು ಮಾಡಿದರು ನೋಡಿ. ಮನೆಯಲ್ಲಿ ತನ್ನ ಹಾಡಿನ ನೆರಳು ಮಗಳ ಕಲಿಕೆಯ ಮೇಲೆ ಬೀಳಬಾರದೆಂದು ತಾನು ಹಾಡುವುದನ್ನೇ ಬಿಟ್ಟರು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಬಳಿ ಕಲಿತರು. ಅಷ್ಟು ದೊಡ್ಡ ತ್ಯಾಗವನ್ನು ನಾನು ಯಾರಿಂದಲೂ ಕೇಳುತ್ತಿಲ್ಲ. ಆದರೆ ತನಗೆ ಬಾರದ ದಾರಿಯಲ್ಲಿ ಮಗಳನ್ನು ಕಳಿಸಲು ಆ ತಾಯಿ ಹೆದರಲಿಲ್ಲ ಎಂಬುದು ನನಗೆ ಬಹಳ ದೊಡ್ಡ ಮಾತು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ನುಡಿಸುತ್ತಿದ್ದರು. ಮಗನೂ ಅದನ್ನೇ ನುಡಿಸಿಕೊಂಡು ಇರಬಹುದಿತ್ತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಅವರಿಗೆ ಅದರ ಹುಚ್ಚು ಹಿಡಿಯಿತು. ಕೀಲಿಗಳಿರುವ ಆ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಬಹಳ ಕಷ್ಟ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, ವಾದ್ಯವನ್ನೇ ತಮಗೆ ಬೇಕಾದ ಹಾಗೆ ಮಾರ್ಪಡಿಸಿಕೊಂಡರು, ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಸಂಗೀತೋತ್ಸವದಲ್ಲಿ ನುಡಿಸಿದರು. ಇವತ್ತು ನಮ್ಮ ಮದುವೆ ಮನೆಯಲ್ಲಿ, ದೇವಸ್ಥಾನದ ಜಾತ್ರೆಯಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ಯಾರಿಗೂ ಅದು ಪರಕೀಯ ಅನಿಸುವುದಿಲ್ಲ, ಅಲ್ವಾ?

ಎರಡನೇ ತಿಂಗಳು ತೊಗಲು ಗೊಂಬೆ. ಮೇಕೆಯ ಚರ್ಮವನ್ನು (ಹಿಂದೆ ಜಿಂಕೆಯದನ್ನೂ ಬಳಸುತ್ತಿದ್ದರು) ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಕೊರೆದು, ಬಣ್ಣ ಹಾಕುತ್ತಾರೆ. ಪರದೆಯ ಹಿಂದೆ ದೀಪ ಇಟ್ಟರೆ ಆ ಬಣ್ಣ ಹೊಳೆಯುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಅವರ ಕಲೆಯ ವಿಡಿಯೋ ನೋಡಿದ ಮೇಲೆ ಮಕ್ಕಳು ದಪ್ಪ ಕಾಗದದಲ್ಲಿ ಗೊಂಬೆ ಕತ್ತರಿಸುತ್ತಾರೆ. ಹಳೆಯ ಪಂಚೆಯೊಂದು ಮನೆಯಲ್ಲಿದ್ದರೆ ಪರದೆಗೆ ಕಳಿಸಿಕೊಡಿ. ಅರ್ಧ ಮಕ್ಕಳು ಪರದೆಯ ಮುಂದೆ, ಅರ್ಧ ಹಿಂದೆ, ಆಮೇಲೆ ಅದಲು ಬದಲು. ಆಡುವವರ ಪಾಡು ಹಿಂದೆ ಕೂತವರಿಗೇ ತಿಳಿಯುವುದು.

ಮೂರನೇ ತಿಂಗಳು ಚಿತ್ರ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ವರೆಗೆ ಹೋಗಿ ಕಲಿತ ಕೆ. ಕೆ. ಹೆಬ್ಬಾರರ ಒಂದೇ ಚಿತ್ರವನ್ನು ಹತ್ತು ನಿಮಿಷ ಮಾತಿಲ್ಲದೆ ನೋಡುವುದು. ಅಷ್ಟೇ.

ಈಗ ನಿಮ್ಮಲ್ಲಿ ಕೆಲವು ವಿನಂತಿ.

"ಇವನಿಗೆ ಇವೆಲ್ಲ ಆಗಿಬರಲ್ಲ" ಎಂದು ದಯವಿಟ್ಟು ಮಗುವಿನ ಎದುರು ಹೇಳಬೇಡಿ. ನೀವು ಸುಮ್ನೆ ಆಡಿದ ಮಾತನ್ನು ಮಗು ನಿಜ ಎಂದುಕೊಳ್ಳುತ್ತದೆ. ನಾಚಿಕೆಯ ಮಕ್ಕಳನ್ನು ನಾವು ವೇದಿಕೆಗೆ ತಳ್ಳುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನೋಡಿದರೂ ಸಾಕು. ಮನೆಗೆ ಬಂದಾಗ "ಇಷ್ಟ ಆಯ್ತಾ?" ಎನ್ನುವ ಬದಲು "ಏನೇನು ನೋಡಿದೆ, ಏನು ಕೇಳಿದೆ?" ಎಂದು ಕೇಳಿ. ಮೊದಲಿನದಕ್ಕೆ ಹೌದು, ಇಲ್ಲ ಎಂದರೆ ಮಾತು ಮುಗಿಯಿತು. ಎರಡನೆಯದಕ್ಕೆ ಮಗು ಯೋಚಿಸಿ ಹೇಳಬೇಕು. ಇಷ್ಟ ಆಗಲಿಲ್ಲ ಎಂದರೂ ಪರವಾಗಿಲ್ಲ. ಪೂರ್ತಿ ಕೂತು ನೋಡಿ, ಆಮೇಲೆ ಬೇಡ ಎನ್ನುವ ಹಕ್ಕು ಪ್ರತಿ ಮಗುವಿಗೂ ಇದೆ.

ಪಾಠಕ್ಕೆ ತೊಂದರೆ ಆಗುತ್ತದೆಂಬ ಚಿಂತೆ ಬೇಡ, ತರಗತಿಯ ಒಂದು ಪೀರಿಯಡ್ಡನ್ನೂ ಇದಕ್ಕೆ ತೆಗೆದುಕೊಂಡಿಲ್ಲ. ಹತ್ತನೇ ತರಗತಿಯವರನ್ನು ಪರೀಕ್ಷೆಯ ಕಾರಣಕ್ಕೆ ಸೇರಿಸಿಲ್ಲ. ಆಸಕ್ತಿ ಇದ್ದರೆ ಅವರೂ ಬರಬಹುದು.

ನೀವೂ ಬನ್ನಿ. ಅಂಗಡಿ, ಗದ್ದೆ, ಬಂದರಿನ ಕೆಲಸ ಬಿಟ್ಟು ಪ್ರತಿ ಸಲ ಬರುವುದು ಕಷ್ಟ ಎಂದು ಗೊತ್ತು. ಮೂರು ಸಲದಲ್ಲಿ ಒಮ್ಮೆ ಬಂದರೂ ಸಂತೋಷ. ಅಜ್ಜ ಅಜ್ಜಿಯನ್ನು ಕಳಿಸಿದರೂ ಆಯಿತು. ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತು, ತಮಗೂ ಗೊತ್ತಿಲ್ಲದ ಒಂದನ್ನು ಗಮನವಿಟ್ಟು ಕೇಳುವುದನ್ನು ಮಗು ನೋಡಲಿ ಎಂಬುದು ನನ್ನ ಆಸೆ. ಮೊಬೈಲ್ ಮಾತ್ರ ಚೀಲದಲ್ಲಿರಲಿ.

ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕೊಟ್ಟುಬಿಡಿ. ಬಸ್ಸಿನಲ್ಲಿ ಬರುವ ಮಕ್ಕಳು ಅಂದು ಮಧ್ಯಾಹ್ನ ಹೇಗೆ ಮನೆಗೆ ಹೋಗುತ್ತಾರೆ ಎಂಬುದನ್ನೂ ಅದರಲ್ಲೇ ಬರೆಯಿರಿ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ನೇಯ್ಗೆ, ಬುಟ್ಟಿ ಹೆಣೆಯುವುದು, ಯಾವುದಾದರೂ ವಾದ್ಯ ಗೊತ್ತಿರುವವರಿದ್ದರೆ ಚೀಟಿಯ ಹಿಂಭಾಗದಲ್ಲಿ ತಿಳಿಸಿ. ನಾಲ್ಕನೇ ತಿಂಗಳ ಶನಿವಾರ ಇನ್ನೂ ಖಾಲಿ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ