ಇಂಕಾ ಹಾದಿಗೆ ಹೊರಟ ಸುಮಾಳಿಗೆ

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀವು ಗೆಳತಿಯರೆಲ್ಲ ಪೆರು ದೇಶಕ್ಕೆ ಹೋಗಿ, ಹಿಂದಿನ ಕಾಲದ ಇಂಕಾ ಜನ ಬೆಟ್ಟಗಳ ನಡುವೆ ಕಟ್ಟಿದ ಇಂಕಾ ಹಾದಿಯಲ್ಲಿ ನಾಲ್ಕು ದಿನ ನಡೆದು, ಅವರ ಪಾಳುಬಿದ್ದ ಬೆಟ್ಟದೂರು ಮಾಚು ಪಿಚು ನೋಡುತ್ತೀರೆಂದು ನಿನ್ನ ಅಪ್ಪ ಹೇಳಿದ. ಅವನಿಗೆ ಆತಂಕ, ನನಗೆ ಸಂತೋಷ. ಆ ಹಾದಿಯನ್ನು ತುಳಿದವನಾಗಿ ಒಂದು ಮಾತು ಹೇಳಲೇಬೇಕು: ಅಲ್ಲಿ ನಿನ್ನ ಸುಸ್ತನ್ನು ಯಾರಿಂದಲೂ ಮುಚ್ಚಿಡಬೇಡ.

ನಾನು ಮುಚ್ಚಿಟ್ಟಿದ್ದೆ. ಕುಸ್ಕೊ ಪಟ್ಟಣವೇ 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಿಮಾನ ಇಳಿದ ಮರುದಿನವೇ, ಆ ಎತ್ತರದ ತೆಳು ಗಾಳಿಗೆ ಮೈ ಒಗ್ಗುವ ಮೊದಲೇ, ನಾನು ನಡೆಯಲು ಹೊರಟುಬಿಟ್ಟೆ. ಎರಡನೆಯ ದಿನ ವಾರ್ಮಿವಾನ್ಯುಸ್ಕ ಘಟ್ಟ ಹತ್ತಬೇಕು. ಕ್ವೆಚುವಾ ಭಾಷೆಯಲ್ಲಿ ಹಾಗೆಂದರೆ ‘ಸತ್ತ ಹೆಂಗಸು’. ಎತ್ತರ 4,215 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಹೆಚ್ಚು. ಬೆಳಗಿನಿಂದಲೇ ತಲೆ ಸಿಡಿಯುತ್ತಿತ್ತು. ಜೊತೆಯ ಹುಡುಗರಿಗಿಂತ ಹಿಂದೆ ಬೀಳಬಾರದೆಂಬ ಹಟದಲ್ಲಿ, ಯಾರು ಕೇಳಿದರೂ ‘ಏನಿಲ್ಲ’ ಎಂದೆ. ಘಟ್ಟದ ನೆತ್ತಿ ಕಣ್ಣಿಗೆ ಕಾಣುತ್ತಿರುವಾಗ ವಾಂತಿಯಾಗಿ ಕುಸಿದು ಕುಳಿತೆ. ಇಡೀ ಗುಂಪು ಆ ಕೊರೆಯುವ ಗಾಳಿಯಲ್ಲಿ ನನಗಾಗಿ ಕಾಯಿತು.

ಆಗ ಹಿಂದಿನಿಂದ ಬಂದ ಪೋರ್ಟರ್ ಒಬ್ಬ ಮಾತಿಲ್ಲದೆ ನನ್ನ ಚೀಲ ತೆಗೆದು ತನ್ನ ಎದೆಗೆ ತೂಗುಹಾಕಿಕೊಂಡ. ಅವನ ಬೆನ್ನ ಮೇಲೆ ನಮ್ಮ ಗುಡಾರವಿತ್ತು. ಕಾಲಲ್ಲಿ ಹಳೆಯ ಟೈರಿನಿಂದ ಮಾಡಿದ ಚಪ್ಪಲಿ. ಮಳೆಯಲ್ಲಿ ನೆನೆದು ಬಿರಿದ ಅವನ ಹಿಮ್ಮಡಿಗಳನ್ನೇ ನೋಡುತ್ತ, ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದೆ. ಆ ಹಿಮ್ಮಡಿಗಳು ಇಂದಿಗೂ ಕಣ್ಣ ಮುಂದಿವೆ.

ಆದ್ದರಿಂದ ಕುಸ್ಕೊದಲ್ಲಿ ಮೂರು ದಿನವಾದರೂ ಉಳಿದುಕೊಳ್ಳಿ. ತಲೆನೋವು ಬಂದರೆ ಕೂಡಲೇ ಗೈಡ್‌ಗೆ ಹೇಳು. ಕೆಳಗಿಳಿ ಎಂದರೆ ವಾದ ಮಾಡದೆ ಇಳಿ. ಅಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ, ಕುಡಿಯಬಹುದು. ಆದರೆ ಕೊಕೇನ್ ತೆಗೆಯುವುದು ಇದೇ ಎಲೆಯಿಂದ; ಒಂದು ಎಲೆಯನ್ನೂ ಊರಿಗೆ ತರಬೇಡ, ನಮ್ಮಲ್ಲಿ ಅದು ಕಾನೂನಿಗೆ ವಿರುದ್ಧ. ಹಾದಿಯ ಪರವಾನಗಿಗೆ ವಿವರ ಕೊಟ್ಟ ಪಾಸ್‌ಪೋರ್ಟನ್ನೇ ಒಯ್ಯಿ. ಫೆಬ್ರವರಿಯಲ್ಲಿ ಹಾದಿ ಮುಚ್ಚಿರುತ್ತದೆ, ನಿಮ್ಮ ತಾರೀಕನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಪೋರ್ಟರ್ 20 ಕಿಲೋ ಮೀರಿ ಹೊರುವಂತಿಲ್ಲ ಎಂಬ ನಿಯಮವಿದೆ. ನಿಯಮ ಇರಲಿ, ಬಿಡಲಿ, ಬೇಡದ ಬಟ್ಟೆಯನ್ನು ಅವರ ಬೆನ್ನಿಗೆ ಹೇರಬೇಡ. ಹೆಸರು ಕೇಳು, ಹೆಸರು ಹಿಡಿದು ಕರೆ. ‘ಸುಲ್ಪಾಯ್ಕಿ’ ಎಂದರೆ ಅವರ ಮಾತಿನಲ್ಲಿ ಧನ್ಯವಾದ. ನನ್ನ ಚೀಲ ಹೊತ್ತವನಿಗೆ ಅದನ್ನು ಹೇಳಲು ಅಂದು ನನಗೆ ಬರುತ್ತಿರಲಿಲ್ಲ.

ಮೂರನೆಯ ಸಂಜೆ ಎಲ್ಲರೂ ಗುಡಾರದಲ್ಲಿ ಕಾಲು ಚಾಚಿರುತ್ತಾರೆ. ನೀನು ಎದ್ದು ವಿನ್ಯಾಯ್ ವಾಯ್ನ ಎಂಬ ಇಂಕಾ ಕಾಲದ ಪಾಳು ನೆಲೆಗೆ ಹೋಗು. ಬೆಟ್ಟದ ಇಳಿಜಾರಿಗೆ ಬಿಲ್ಲಿನಂತೆ ಬಾಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲಗಳು ಅಲ್ಲಿವೆ. ಮಾಚು ಪಿಚುವಿನ ಜನಜಂಗುಳಿಗಿಂತ ನನಗೆ ಆ ಸಂಜೆಯೇ ಹೆಚ್ಚು.

ನನ್ನ ಉಣ್ಣೆಯ ಟೋಪಿಯನ್ನು ನಿನ್ನ ಅಪ್ಪನ ಕೈಗೆ ಕೊಟ್ಟಿದ್ದೇನೆ. ಘಟ್ಟ ಇಳಿದ ರಾತ್ರಿ ಬೇಕಾಗುತ್ತದೆ.

ಇತಿ,
ನಿನ್ನ ದೊಡ್ಡಪ್ಪ